ಹಳೆಯ ಗೊಂಬೆಗೆ ಹೊಸ ಮೈ

೧

ಮಹಾಲಯ ಅಮಾವಾಸ್ಯೆ ಹತ್ತಿರವಾಯಿತೆಂದರೆ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ವರ್ಷವೆಲ್ಲ ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿಕೊಂಡು ಮಲಗಿದ್ದ ಗೊಂಬೆಗಳು ಒಂದೊಂದಾಗಿ ಹೊರಬಂದು, ನವರಾತ್ರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಹಲಗೆಗಳ ಮೇಲೆ ಕುಳಿತುಕೊಳ್ಳುತ್ತವೆ. ಮೇಲಿನ ಸಾಲಿನಲ್ಲಿ ರಕ್ತಚಂದನದ ರಾಜ ರಾಣಿಯರು, ಅಂದರೆ ಪಟ್ಟದ ಗೊಂಬೆಗಳು. ಅವರ ಕೆಳಗೆ ದಶಾವತಾರ, ಮದುವೆಯ ದಿಬ್ಬಣ, ಶೆಟ್ಟಿ ಶೆಟ್ಟಿಗಿತ್ತಿಯರ ಅಂಗಡಿ, ಸಿಪಾಯಿಗಳು, ಪಶುಪಕ್ಷಿಗಳು. ಸಂಜೆಯಾಗುತ್ತಲೆ ನೆರೆಹೊರೆಯ ಮಕ್ಕಳು ಬಂದು ನೋಡಿ, ಗೊಂಬೆ ಬಾಗಿನವೆಂದು ಕೊಡುವ ತಿಂಡಿಯನ್ನು ಪಡೆದುಕೊಂಡು ಹೋಗುವರು. ಮೈಸೂರಿನ ಅರಮನೆಯಲ್ಲಿ ಗೊಂಬೆಗಳ ಹೆಸರಿನಿಂದಲೇ ಕರೆಯಲ್ಪಡುವ ಒಂದು ತೊಟ್ಟಿಯಿರುವುದು ಈ ಆಚರಣೆಗೆ ನಾಡಿನಲ್ಲಿ ಸಂದ ಮರ್ಯಾದೆಗೆ ಸಾಕ್ಷಿಯಾಗಿದೆ.

ಪೆಟ್ಟಿಗೆಯನ್ನು ಬಿಚ್ಚಿದಾಗಲೇ ಕಾಲದ ಕೆಲಸವೂ ಕಣ್ಣಿಗೆ ಬೀಳುತ್ತದೆ. ಒಂದು ಗೊಂಬೆಯ ಕೆನ್ನೆಯ ಬಣ್ಣ ಎದ್ದುಹೋಗಿರುತ್ತದೆ. ಇನ್ನೊಂದರ ಮೂಗು ಮೊಂಡಾಗಿರುತ್ತದೆ. ವಾಮನನ ಕೊಡೆಯ ಕಾವು ಮುರಿದಿರುತ್ತದೆ. ಇಂಥವನ್ನು ಮನೆಯಲ್ಲಿಯೇ ಹೊಸದುಮಾಡುವ ರೂಢಿ ಈಚೆಗೆ ಬಹಳವಾಗಿ ಹರಡಿದೆ. ಬಣ್ಣಕ್ಕೆ ಅಡುಗೆ ಸೋಡವನ್ನಾಗಲಿ, ಸೀಮೆಸುಣ್ಣದ ಹುಡಿಯನ್ನಾಗಲಿ, ಜರಡಿ ಹಿಡಿದ ನಯವಾದ ಮರಳನ್ನಾಗಲಿ ಬೆರೆಸಿ ಗಟ್ಟಿಯಾಗಿ ಬಳಿದರೆ ಒಣಗಿದ ಮೇಲೆ ಮೈ ತರಿತರಿಯಾಗಿ ನಿಲ್ಲುತ್ತದೆ. ಗಾಜಿನ ಸೀಸೆ ಸುಟ್ಟ ಮಣ್ಣಿನ ಕುಡಿಕೆಯಂತೆ ಕಾಣುತ್ತದೆ. ಪ್ಲಾಸ್ಟಿಕ್ಕಿನ ಆನೆ ಕಲ್ಲಿನಲ್ಲಿ ಕಡೆದಂತೆ ಕಾಣುತ್ತದೆ. ಬಣ್ಣಗೆಟ್ಟ ಮರದ ಸಿಪಾಯಿ ಒಂದು ಮಧ್ಯಾಹ್ನದೊಳಗೆ ಹೊಸ ಮೈ ತಾಳಿ ನಿಲ್ಲುತ್ತಾನೆ. ಖರ್ಚು ಅಲ್ಪ, ಮಕ್ಕಳಿಗೂ ಕೈಗೆ ಕೆಲಸ.

ಇದರಲ್ಲಿ ವಿಚಾರಮಾಡತಕ್ಕದ್ದೇನಿದೆ ಎಂದು ಕೇಳಬಹುದು. ಆದರೆ ಒಂದೇ ಮನೆಯೊಳಗೆ ಈ ಕೆಲಸವನ್ನು ಕುರಿತು ಎರಡು ಮಾತು ಹುಟ್ಟುವುದುಂಟು. "ಹೀಗೆ ಹರಕಾಗಿ ಕೂರಿಸುವುದಕ್ಕಿಂತ ಚೆನ್ನಾಗಿ ಮಾಡಿ ಕೂರಿಸುವುದು ಮೇಲು" ಎಂದು ಕಿರಿಯರು ಹೇಳುತ್ತಾರೆ. "ಇದು ನಮ್ಮ ಅಮ್ಮ ಕೊಟ್ಟಿದ್ದು, ಇದನ್ನು ಮುಟ್ಟಬೇಡಿ" ಎಂದು ಹಿರಿಯರು ಹೇಳುತ್ತಾರೆ. ಇಬ್ಬರಿಗೂ ಗೊಂಬೆಯ ಮೇಲೆ ಪ್ರೀತಿಯುಂಟು. ಪ್ರೀತಿಯಿಂದಲೇ ಹುಟ್ಟಿದ ಈ ವಿರೋಧವು ರುಚಿಭೇದವೆಂದು ತಳ್ಳಿಹಾಕತಕ್ಕದ್ದಲ್ಲ. ಹಳೆಯದನ್ನು ಕಾಪಾಡುವುದೆಂದರೇನು, ಹೊಸದು ಮಾಡಿದ ಮೇಲೆ ಅದು ಅದೇ ವಸ್ತುವಾಗಿ ಉಳಿಯುವುದೇ, ಒಂದು ವಸ್ತುವಿಗೆ ಇನ್ನೊಂದರ ತೋರಿಕೆಯನ್ನು ಕೊಡುವುದು ಸುಳ್ಳಾಗುವುದೇ ಎಂಬ ಪ್ರಶ್ನೆಗಳು ಇದರಲ್ಲಿ ಅಡಗಿವೆ.

೨

ಮೊದಲು ಹೊಸದುಮಾಡುವವರ ಪಕ್ಷವನ್ನು ಪೂರ್ಣವಾಗಿ ಕೇಳಬೇಕು. ಅವರ ವಾದಕ್ಕೆ ಈ ನಾಡಿನ ಕೈಕೆಲಸಗಳೇ ದೊಡ್ಡ ಆಧಾರವಾಗಿವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆಯನ್ನು ಕೆತ್ತುತ್ತಾರೆ. ಅದು ಅರ್ಧ ಕೆಲಸ ಮಾತ್ರ. ಗೋಣಿಯ ಚಿಂದಿಯನ್ನು ನೆನೆಯಿಟ್ಟು, ಒಣಗಿಸಿ, ಪುಡಿಮಾಡಿ, ಹುಣಿಸೆಬೀಜದ ಅಂಟಿನೊಡನೆ ಕಲಸಿದ ಕಿಟ್ಟವೆಂಬ ಮುದ್ದೆಯನ್ನು ಅದರ ಮೈಗೆ ಮೆತ್ತುತ್ತಾರೆ. ಕಲ್ಲಿನ ಹುಡಿಯನ್ನು ಗೋಂದಿನೊಡನೆ ಅರೆದು ಕಂಠೀಹಾರ ಕಡಗಗಳನ್ನು ಉಬ್ಬಾಗಿ ಎತ್ತಿ ತೋರಿಸುತ್ತಾರೆ. ಆ ಬಳಿಕ ಬಣ್ಣ. ಮೈಸೂರಿನ ಸಾಂಪ್ರದಾಯಿಕ ಚಿತ್ರಗಳಲ್ಲಿಯೂ ಸಫೇದ, ಮಕ್ಕಿ, ಅಂಟು ಇವುಗಳ ಮಿಶ್ರಣದಿಂದ ಆಭರಣವನ್ನೂ ಪ್ರಭಾವಳಿಯನ್ನೂ ಸಣ್ಣಗೆ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಹಚ್ಚುವುದು ಪದ್ಧತಿ. ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತ ಬಣ್ಣದ ಅರಗನ್ನು ಒತ್ತಿಹಿಡಿದರೆ, ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಹೀಗೆ ಮೇಲೆ ಬಳಿದದ್ದು, ಮೆತ್ತಿದ್ದು, ಉಬ್ಬಿಸಿದ್ದು ಇವೇ ಗೊಂಬೆಯ ರೂಪವಾಗಿರುವಾಗ, ಸವೆದುಹೋದ ಲೇಪದ ಜಾಗದಲ್ಲಿ ಇನ್ನೊಂದು ಲೇಪವನ್ನು ಕೊಡುವುದರಲ್ಲಿ ದೋಷವೇನು ಎಂದು ಅವರು ಕೇಳುತ್ತಾರೆ.

ಅವರ ಎರಡನೆಯ ಆಧಾರ ದೇವಾಲಯಗಳದು. ಪುರಿಯ ಜಗನ್ನಾಥನ ಮೂರ್ತಿ ಬೇವಿನ ಮರದ್ದು. ಪ್ರತಿವರ್ಷ ಜ್ಯೇಷ್ಠ ಪೂರ್ಣಿಮೆಯಂದು ಮೂರ್ತಿಗಳಿಗೆ ನೂರೆಂಟು ಕೊಡಗಳ ನೀರಿನಿಂದ ಸ್ನಾನವಾಗುತ್ತದೆ, ಬಣ್ಣ ಮಾಸುತ್ತದೆ, ಸ್ವಾಮಿಗೆ ಜ್ವರ ಬಂದಿದೆಯೆಂದು ಹೇಳಿ ಸುಮಾರು ಹದಿನೈದು ದಿನ ದರ್ಶನವನ್ನು ನಿಲ್ಲಿಸಿ, ಆ ಅವಧಿಯಲ್ಲಿ ಹೊಸ ಬಣ್ಣವನ್ನು ಹಾಕುತ್ತಾರೆ. ಆಮೇಲೆ ಭಕ್ತರಿಗೆ ದೊರೆಯುವ ಮೊದಲ ದರ್ಶನಕ್ಕೆ ನವಯೌವನ ದರ್ಶನವೆಂದೇ ಹೆಸರು. ಅಧಿಕ ಆಷಾಢ ಬರುವ ಕೆಲವು ವರ್ಷಗಳಲ್ಲಿ ಮರವನ್ನೇ ಬದಲಾಯಿಸಿ ನವಕಳೇಬರವನ್ನು ನಡೆಸುತ್ತಾರೆ. ೧೯೯೬ರಲ್ಲಿಯೂ ೨೦೧೫ರಲ್ಲಿಯೂ ಹೀಗೆ ನಡೆಯಿತು. ಜಪಾನ್ ದೇಶದ ಇಸೆ ಎಂಬ ಕ್ಷೇತ್ರದಲ್ಲಿ ಇಪ್ಪತ್ತು ವರ್ಷಕ್ಕೊಮ್ಮೆ ಗುಡಿಯನ್ನೇ ಹೊಸ ಮರದಿಂದ ಕಟ್ಟುವ ಸಂಪ್ರದಾಯವಿದೆ; ೨೦೧೩ರಲ್ಲಿ ಕಟ್ಟಿದ್ದು ಅರವತ್ತೆರಡನೆಯದು. ದೇವರಿಗೇ ಹೊಸ ಬಣ್ಣವೂ ಹೊಸ ದೇಹವೂ ಸಲ್ಲುವುದಾದರೆ ಗೊಂಬೆಗೆ ಸಲ್ಲದೆ? ಜೀರ್ಣವಾದ ವಸ್ತ್ರವನ್ನು ಬಿಟ್ಟು ಹೊಸದನ್ನು ಉಡುವಂತೆ ದೇಹಿಯು ದೇಹವನ್ನು ಬದಲಿಸುವನೆಂದು ಗೀತೆಯಲ್ಲಿ ಕೃಷ್ಣನು ಹೇಳಿರುವುದನ್ನೂ ಅವರು ನೆನಪಿಗೆ ತರುತ್ತಾರೆ.

ಈ ವಾದ ದುರ್ಬಲವಾದುದಲ್ಲ. ಬಳಕೆಯಿಲ್ಲದೆ ಪೆಟ್ಟಿಗೆಯಲ್ಲಿ ಕೊಳೆಯುವ ವಸ್ತುವಿಗಿಂತ ಹೊಸ ಬಣ್ಣವನ್ನು ಹೊತ್ತು ಮಕ್ಕಳ ಕಣ್ಣೆದುರಿಗೆ ನಿಂತ ವಸ್ತುವೇ ಬದುಕಿರುವ ವಸ್ತುವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಹರಕು ಗೊಂಬೆಯನ್ನು ಕೂರಿಸಲು ನಾಚಿ, ಕಡೆಗೆ ತಿಪ್ಪೆಗೆ ಹಾಕುವ ಮನೆಗಳೂ ಇವೆ. ಅಂಥಲ್ಲಿ ಒಂದು ಕೈ ಬಣ್ಣವು ಗೊಂಬೆಯ ಪ್ರಾಣವನ್ನೇ ಉಳಿಸಿದಂತಾಗುತ್ತದೆ.

೩

ಇನ್ನು ಎದುರುಪಕ್ಷ. ಇಂಗ್ಲೆಂಡಿನಲ್ಲಿ ಹಳೆಯ ಇಗರ್ಜಿಗಳನ್ನು ಕೆರೆದು ಹೊಸದುಮಾಡುವ ಉತ್ಸಾಹ ತಲೆಯೆತ್ತಿದ್ದ ಕಾಲದಲ್ಲಿ ಜಾನ್ ರಸ್ಕಿನ್ನನು ೧೮೪೯ರಲ್ಲಿ ಪ್ರಕಟವಾದ ತನ್ನ ಶಿಲ್ಪವಿಷಯಕ ಗ್ರಂಥದಲ್ಲಿ ಅದನ್ನು ತೀವ್ರವಾಗಿ ಖಂಡಿಸಿದನು. ಕಟ್ಟಿದವನ ಕೈಯೂ ಕಣ್ಣೂ ಕೊಟ್ಟ ಜೀವವನ್ನು ಇನ್ನೊಬ್ಬನು ಮತ್ತೆ ತಂದುಕೊಡಲಾರನೆಂಬುದು ಅವನ ವಾದದ ಸಾರ. ೧೮೭೭ರಲ್ಲಿ ವಿಲಿಯಂ ಮಾರಿಸನು ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನೇ ಸ್ಥಾಪಿಸಿದನು. ಕೆರೆಯುವುದನ್ನು ವಿರೋಧಿಸುವ ಸಂಘವೆಂದು ಅದಕ್ಕೆ ಅಡ್ಡಹೆಸರು ಬಂದಿತು. ದಿನದಿನವೂ ಒಪ್ಪಮಾಡಿಕೊಂಡು ಬಂದರೆ ಹೊಸದುಮಾಡುವ ಪ್ರಸಂಗವೇ ಬಾರದೆಂಬುದು ಅವರ ಉಪದೇಶ. ಸೋರುವ ಸೂರಿನ ಒಂದು ಹೆಂಚನ್ನು ಇಂದು ಬದಲಾಯಿಸಿದರೆ ಹತ್ತು ವರ್ಷದ ಮೇಲೆ ಗೋಡೆಯನ್ನು ಕೆಡಹಬೇಕಾಗುವುದಿಲ್ಲವೆಂಬ ಗೃಹಸ್ಥನ ಬುದ್ಧಿಯೇ ಅದು.

ಇದು ಪರದೇಶದ ಮಾತು, ಈ ದೇಶದ ರೀತಿ ಬೇರೆ ಎಂದು ಹೇಳಿಬಿಡುವುದು ಸುಲಭ. ಆದರೆ ಪೂರ್ವಪಕ್ಷದವರು ಎತ್ತಿದ ದೃಷ್ಟಾಂತಗಳನ್ನೇ ಸ್ವಲ್ಪ ನಿಧಾನವಾಗಿ ನೋಡಿದರೆ ಅವು ಸಂಪೂರ್ಣವಾಗಿ ಅವರ ಪಕ್ಷದಲ್ಲಿ ನಿಲ್ಲುವುದಿಲ್ಲ. ಆಗಮಗಳಲ್ಲಿ ಜೀರ್ಣೋದ್ಧಾರಕ್ಕೆ ವಿಧಿಯುಂಟು. ಆದರೆ ಆ ವಿಧಿ ಬಹು ಜಾಗರೂಕವಾದುದು. ಮುಖ್ಯವಾದ ಅಂಗ ಭಗ್ನವಾಯಿತೇ, ಉಗುರು ಆಭರಣಗಳಂಥ ಸಣ್ಣ ಭಾಗ ಕೆಟ್ಟಿತೇ ಎಂದು ಮೊದಲು ವಿವೇಚಿಸಬೇಕು. ಸಣ್ಣದಾದರೆ ಸರಿಪಡಿಸಬಹುದು, ದೊಡ್ಡದಾದರೆ ಬಿಂಬವನ್ನೇ ಬಿಡಬೇಕು. ಕೆಲಸ ನಡೆಯುವಾಗ ಸಾನ್ನಿಧ್ಯವನ್ನು ಕಲಶಕ್ಕೆ ಬರಮಾಡಿಕೊಂಡು ಬಾಲಾಲಯದಲ್ಲಿಟ್ಟು ಪೂಜಿಸಬೇಕು. ಮಾಸಿದೆಯೆಂದು ತೋರಿದ ಮಾತ್ರಕ್ಕೆ ತೋಚಿದವರು ತೋಚಿದ ಬಣ್ಣವನ್ನು ಬಳಿಯಲು ಅಲ್ಲಿ ಅವಕಾಶವಿಲ್ಲ.

ಪುರಿಯ ನವಕಳೇಬರದಲ್ಲಿಯೂ ಅಷ್ಟೆ. ಹಳೆಯ ಮೂರ್ತಿಗಳನ್ನು ದೇವಾಲಯದ ಆವರಣದೊಳಗಿನ ಕೋಯಿಲಿ ವೈಕುಂಠವೆಂಬ ಸ್ಥಳದಲ್ಲಿ ಹೂಳುತ್ತಾರೆ. ಆ ಸೇವೆಯ ವಂಶಸ್ಥರಾದ ದೈತಾಪತಿಗಳು ಮನೆಯ ಹಿರಿಯರು ತೀರಿಕೊಂಡಾಗ ಮಾಡುವಂತೆ ಸೂತಕವನ್ನು ಆಚರಿಸುತ್ತಾರೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಹೊಸ ದೇಹ ಬಂದಿತೆಂಬ ಸಂತೋಷದಲ್ಲಿ ಹಳೆಯ ದೇಹ ಹೋಯಿತೆಂಬುದನ್ನು ಅವರು ಮರೆಮಾಡುವುದಿಲ್ಲ. ಹೋದದ್ದನ್ನು ಹೋಯಿತೆಂದು ಒಪ್ಪಿಕೊಂಡು, ಅದಕ್ಕೆ ಸಲ್ಲಬೇಕಾದ ಶೋಕವನ್ನು ಸಲ್ಲಿಸಿ, ಆಮೇಲೆ ಹೊಸದನ್ನು ಸ್ವೀಕರಿಸುತ್ತಾರೆ. ನವೀಕರಣವು ಅಲ್ಲಿ ಧರ್ಮವಾಗಿರುವುದಕ್ಕೆ ಈ ಒಪ್ಪಿಗೆಯೇ ಕಾರಣವೆಂದು ತೋರುತ್ತದೆ. ಹೋದದ್ದರ ಲೆಕ್ಕವೇ ಇಲ್ಲದೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಬಣ್ಣದ ಕೆಲಸಕ್ಕೂ ಅದಕ್ಕೂ ಇರುವ ಅಂತರ ಇದೇ.

೪

ಹಾಗಾದರೆ ಹೊಸ ಮೈಯನ್ನು ಹೊತ್ತ ಗೊಂಬೆ ಅದೇ ಗೊಂಬೆಯೇ? ಇದು ತತ್ತ್ವಜ್ಞರಿಗೆ ಬಹು ಕಾಲದಿಂದ ಪರಿಚಿತವಾದ ಪ್ರಶ್ನೆ. ಅಥೆನ್ಸಿನವರು ಥೀಸಿಯಸ್ಸನ ಹಡಗಿನ ಕೊಳೆತ ಹಲಗೆಗಳನ್ನು ಒಂದೊಂದಾಗಿ ತೆಗೆದು ಹೊಸ ಹಲಗೆಗಳನ್ನು ಸೇರಿಸುತ್ತ ಬಂದುದರಿಂದ, ಅದು ಅದೇ ಹಡಗೆಂದು ಕೆಲವರೂ ಅಲ್ಲವೆಂದು ಕೆಲವರೂ ವಾದಿಸುತ್ತಿದ್ದರೆಂದು ಪ್ಲುಟಾರ್ಕನು ಬರೆದಿದ್ದಾನೆ. ಪಾಲಿ ಭಾಷೆಯ ಮಿಲಿಂದಪಞ್ಹದಲ್ಲಿ ನಾಗಸೇನನು ರಾಜನನ್ನು ರಥದ ವಿಷಯವಾಗಿ ಪ್ರಶ್ನಿಸುತ್ತಾನೆ. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ. ಇವೆಲ್ಲದರ ಸಂಬಂಧವನ್ನು ಹಿಡಿದು ರಥವೆಂಬ ಹೆಸರು ಬಂದಿದೆ. ರಾತ್ರಿಯೆಲ್ಲ ಉರಿದ ದೀಪದ ವಿಷಯದಲ್ಲಿಯೂ, ಮೊದಲ ಜಾವದ ಜ್ವಾಲೆ ಕಡೆಯ ಜಾವದ ಜ್ವಾಲೆಯಲ್ಲ, ಆದರೂ ಬೇರೆ ದೀಪವೂ ಅಲ್ಲವೆಂದು ಅವನು ತೋರಿಸಿಕೊಡುತ್ತಾನೆ.

ಈ ಉತ್ತರವನ್ನು ಹಿಡಿದು ನಡೆದರೆ, ಗೊಂಬೆಯ ಗುರುತು ಮರದಲ್ಲಿಯೇ ಇಲ್ಲ, ಬಣ್ಣದಲ್ಲಿಯೇ ಇಲ್ಲ, ಅದನ್ನು ತಮ್ಮದೆಂದು ಬಲ್ಲವರ ಸಂಬಂಧದಲ್ಲಿದೆ ಎಂದಾಗುತ್ತದೆ. ಇದರಿಂದ ಹೊಸದುಮಾಡುವವರ ಪಕ್ಷ ಗೆದ್ದಿತೆಂದು ತಿಳಿಯಬಾರದು. ಸಂಬಂಧವು ಗಾಳಿಯಲ್ಲಿ ನಿಲ್ಲುವುದಿಲ್ಲ. ಅದು ಯಾವುದೋ ಒಂದು ಕುರುಹನ್ನು ಹಿಡಿದುಕೊಂಡೇ ನಿಲ್ಲುತ್ತದೆ.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಆ ಮನೆಯ ಅತ್ತೆಗೆ ಎಂಬತ್ತರ ಮೇಲೆ ವಯಸ್ಸು, ಕಣ್ಣು ಮಂಜಾಗಿದೆ. ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗಳನ್ನು ಆಕೆ ವರ್ಷವರ್ಷವೂ ಕೈಯಲ್ಲಿ ಹಿಡಿದು ಬಲ್ಲಳು. ರಾಣಿಯ ಎಡಭುಜದಲ್ಲಿ ಒಂದು ಕಚ್ಚಿದೆ. ಆಕೆಯ ಹಿರಿಯ ಮಗ ಹಲ್ಲು ಬರುವ ಕಾಲದಲ್ಲಿ ಕಡಿದು ಮಾಡಿದ ಕಚ್ಚು ಅದು. ರಾಜನ ಬೆನ್ನು ಎಣ್ಣೆಯ ಕೈಗಳ ಸ್ಪರ್ಶದಿಂದ ನುಣುಪಾಗಿದೆ. ಸೊಸೆ ಒಳ್ಳೆಯವಳು. ಅತ್ತೆಗೆ ಸಂತೋಷವಾಗಲೆಂದು ಎರಡು ಗೊಂಬೆಗಳಿಗೂ ತರಿಮೈಯ ಬಣ್ಣವನ್ನು ಹಚ್ಚಿ, ಒಣಗಿಸಿ, ಆಕೆಯ ಕೈಯಲ್ಲಿಡುತ್ತಾಳೆ. ಮುದುಕಿ ಬೆರಳಾಡಿಸಿ ನೋಡಿ, "ಇವು ಯಾರ ಮನೆಯವಮ್ಮ?" ಎನ್ನುತ್ತಾಳೆ. "ನಿಮ್ಮವೇ ಅತ್ತೆ, ಹೊಸದು ಮಾಡಿಸಿದೆ" ಎಂದರೆ, "ಹಾಗೇ" ಎಂದು ಹಿಂದಕ್ಕೆ ಕೊಡುತ್ತಾಳೆ. ಜಗಳವಿಲ್ಲ, ಕಣ್ಣೀರಿಲ್ಲ. ಆದರೆ ಅರವತ್ತು ವರ್ಷದ ಒಂದು ಸಂಬಂಧಕ್ಕೆ ಆಧಾರವಾಗಿದ್ದ ಕುರುಹು ಒಂದು ಲೇಪದ ಕೆಳಗೆ ಮುಚ್ಚಿಹೋಯಿತು.

ಸೊಸೆಯ ಕೆಲಸದಲ್ಲಿ ದುರುದ್ದೇಶವಿಲ್ಲ. ಆಕೆ ಗೊಂಬೆಯನ್ನು ಕಣ್ಣಿನ ವಸ್ತುವೆಂದು ತಿಳಿದಳು. ಅತ್ತೆಗೆ ಅದು ಕೈಯ ವಸ್ತುವಾಗಿತ್ತು. ಬಣ್ಣ ಬದಲಾದರೆ ಕಣ್ಣು ಸ್ವಲ್ಪ ಕಾಲದಲ್ಲಿ ಹೊಂದಿಕೊಳ್ಳುತ್ತದೆ. ಮೈಯ ತರಹವೇ ಬದಲಾದರೆ ಸ್ಪರ್ಶದ ಪರಿಚಯ ಅಳಿಯುತ್ತದೆ. ಸವೆತವೂ ಕಚ್ಚೂ ಹೊಸಬರಿಗೆ ಕುಂದಾಗಿ ಕಾಣುವುವು. ಬಳಸಿದವರಿಗೆ ಅವೇ ಬರೆದಿಟ್ಟ ಅಕ್ಷರಗಳಾಗಿರಬಹುದು. ಆದುದರಿಂದ ಹಳೆಯ ವಸ್ತುವಿನ ಮೇಲೆ ಕೈಯಿಡುವ ಮೊದಲು, ಇದರ ಮೈಯಲ್ಲಿರುವುದು ಕೆಡುಕೇ ಕುರುಹೇ ಎಂಬುದನ್ನು ಅದನ್ನು ಬಲ್ಲವರಿಂದ ಕೇಳಿ ತಿಳಿಯುವುದು ಕರ್ತವ್ಯವಾಗುತ್ತದೆ. ಮಾಡುವವನ ಒಳ್ಳೆಯ ಮನಸ್ಸು ಈ ಕೇಳುವಿಕೆಯ ಸ್ಥಾನದಲ್ಲಿ ನಿಲ್ಲಲಾರದು.

೫

ಎರಡನೆಯ ಪ್ರಶ್ನೆ ಸತ್ಯಕ್ಕೆ ಸಂಬಂಧಿಸಿದುದು. ಪ್ಲಾಸ್ಟಿಕ್ಕಿಗೆ ಮಣ್ಣಿನ ಮೈಯನ್ನೂ, ನಿನ್ನೆ ಕೊಂಡದ್ದಕ್ಕೆ ನೂರು ವರ್ಷದ ಕಳೆಯನ್ನೂ ಕೊಡುವುದು ಸುಳ್ಳಲ್ಲವೆ ಎಂದು ಕಟ್ಟುನಿಟ್ಟಿನವರು ಕೇಳುತ್ತಾರೆ. ಈ ಆಕ್ಷೇಪಣೆಯನ್ನು ಪೂರ್ತಿಯಾಗಿ ಒಪ್ಪಿದರೆ ಗೊಂಬೆಯ ಹಬ್ಬವೇ ನಿಲ್ಲಬೇಕಾಗುತ್ತದೆ. ಮರದ ರಾಜನು ರಾಜನಲ್ಲ. ಶೆಟ್ಟರ ಅಂಗಡಿಯಲ್ಲಿ ವ್ಯಾಪಾರ ನಡೆಯುವುದಿಲ್ಲ. ನೋಡುವ ಮಗುವಿಗೂ ಇದು ಗೊತ್ತು. ಗೊತ್ತಿದ್ದೂ ಹಾಗೆಂದು ಭಾವಿಸುವುದರಲ್ಲಿ ಆನಂದವಿದೆ. ನೈಯಾಯಿಕರು ಇದಕ್ಕೆ ಆಹಾರ್ಯಜ್ಞಾನವೆಂದು ಹೆಸರಿಟ್ಟಿದ್ದಾರೆ. ಹಾಗಿಲ್ಲವೆಂಬ ತಿಳಿವಳಿಕೆಯಿದ್ದರೂ ಇಚ್ಛೆಯಿಂದ ತಂದುಕೊಂಡ ಜ್ಞಾನ ಅದು. ಅಲಂಕಾರಶಾಸ್ತ್ರದಲ್ಲಿ ಶಂಕುಕನ ಚಿತ್ರತುರಗನ್ಯಾಯ ಪ್ರಸಿದ್ಧವಾಗಿದೆ. ಚಿತ್ರದಲ್ಲಿಯ ಕುದುರೆಯನ್ನು ನೋಡಿ ಕುದುರೆಯೆನ್ನುವವನಿಗೆ ಆಗುವ ಜ್ಞಾನವು ಯಥಾರ್ಥವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಜ್ಞಾನವೂ ಅಲ್ಲ. ನಾಟಕದಲ್ಲಿ ನಟನನ್ನು ರಾಮನೆಂದು ಕಾಣುವುದು ಇಂಥದೆಂದು ಅವನು ಹೇಳಿದನೆಂಬುದು ಅಭಿನವಗುಪ್ತನ ವ್ಯಾಖ್ಯಾನದಿಂದ ತಿಳಿದುಬರುತ್ತದೆ.

ಆದಕಾರಣ ತೋರಿಕೆಯೆಲ್ಲ ಸುಳ್ಳೆಂಬ ಮಾತು ನಿಲ್ಲುವುದಿಲ್ಲ. ನೋಡುವವನೂ ಮಾಡಿದವನೂ ಆ ತೋರಿಕೆಯಲ್ಲಿ ಪಾಲುಗಾರರಾಗಿರುವವರೆಗೆ ಅದು ಆಟ. ಒಬ್ಬನಿಗೆ ಮಾತ್ರ ತಿಳಿದು ಇನ್ನೊಬ್ಬನಿಗೆ ತಿಳಿಯದಾದ ಕ್ಷಣದಲ್ಲಿ ಅದು ವಂಚನೆ. ಮನೆಯ ಹುಡುಗಿ ಸೀಸೆಯನ್ನು ಮಣ್ಣಿನ ಕುಡಿಕೆಯಂತೆ ಮಾಡಿ, "ನೋಡಿ, ಇದು ಸೀಸೆ" ಎಂದು ಬಂದವರಿಗೆ ಹೆಮ್ಮೆಯಿಂದ ಹೇಳಿದರೆ ಅಲ್ಲಿ ಅಸತ್ಯವೇನೂ ಇಲ್ಲ. ಅದೇ ಲೇಪವನ್ನು ಬಳಿದು ಹೊಸ ಗೊಂಬೆಯನ್ನು ಪುರಾತನವೆಂದು ಮಾರಿದರೆ ಅದು ಕಳ್ಳತನಕ್ಕೆ ಸಮಾನ. ಇವೆರಡರ ನಡುವೆ ಮೂರನೆಯದೊಂದುಂಟು. ಅದೇ ಮನೆಗಳಲ್ಲಿ ಹೆಚ್ಚಾಗಿ ನಡೆಯತಕ್ಕದ್ದು. ಮೂರು ಸಲ ಮೆತ್ತಿ, ಮೂಗು ಕಿವಿಗಳನ್ನು ಹೊಸದಾಗಿ ತಿದ್ದಿ, "ಇದು ಮುತ್ತಜ್ಜಿಯ ಕಾಲದ್ದು, ಆಗಿನ ಕೆಲಸ ನೋಡು" ಎಂದು ಮೊಮ್ಮಕ್ಕಳಿಗೆ ತೋರಿಸುವುದು. ಮರ ಮುತ್ತಜ್ಜಿಯ ಕಾಲದ್ದಾಗಿರಬಹುದು; ಮಗು ನೋಡುತ್ತಿರುವ ಕೆಲಸ ಕಳೆದ ವರ್ಷದ್ದು. ಇದರಲ್ಲಿ ಯಾರಿಗೂ ಹಣದ ನಷ್ಟವಿಲ್ಲ. ಆದರೂ ಆ ಮಗುವಿಗೆ ಪೂರ್ವಿಕರ ವಿಷಯದಲ್ಲಿ ದೊರೆತ ಸಾಕ್ಷ್ಯ ಕೃತಕವಾಯಿತು. "ಮೂಗನ್ನು ಅಮ್ಮ ತಿದ್ದಿದಳು, ಉಳಿದದ್ದು ಮುತ್ತಜ್ಜಿಯದು" ಎಂದು ಒಂದು ಮಾತನ್ನು ಸೇರಿಸಿದರೆ ಸುಳ್ಳು ಹೋಗಿ, ಮನೆಯ ಕಥೆಯೂ ಒಂದು ತಲೆಮಾರು ಉದ್ದವಾಗುತ್ತದೆ.

ವಸ್ತುವಿನ ಸತ್ಯಕ್ಕೆ ಇನ್ನೊಂದು ಮುಖವೂ ಇದೆ; ಅದು ಅದರ ಕೊನೆಗೆ ಸಂಬಂಧಿಸಿದುದು. ಭಾದ್ರಪದದ ಗಣಪತಿಯೂ ಆಶ್ವಯುಜದ ಗೊಂಬೆಯೂ ಒಂದು ತಿಂಗಳ ಅಂತರದಲ್ಲಿ ಮನೆಗೆ ಬರುವುವು. ಗಣಪತಿ ಕರಗುವುದಕ್ಕಾಗಿ ಮಾಡಿದ್ದು. ಗೊಂಬೆ ಉಳಿಯುವುದಕ್ಕಾಗಿ ಮಾಡಿದ್ದು. ಕೆರೆಯ ಮಣ್ಣಿನ ಗಣಪತಿಗೆ ನೀರಿನಲ್ಲಿ ಕರಗದ ಲೇಪವನ್ನು ಕೊಟ್ಟರೆ ಅವನ ವಿಸರ್ಜನೆಯೇ ಅಪೂರ್ಣವಾಗುತ್ತದೆ, ಕೆರೆಯೂ ಕೆಡುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೨೦ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ವಿಗ್ರಹಗಳನ್ನು ನಿಷೇಧಿಸಿರುವುದಕ್ಕೆ ಇದೇ ಕಾರಣ. ಗೊಂಬೆಯ ವಿಷಯ ಇದಕ್ಕೆ ವಿಪರೀತವಾದುದು. ಬೇಗ ಸಿಪ್ಪೆಯೇಳುವ ಲೇಪ ಅದಕ್ಕೆ ದ್ರೋಹವಾಗುತ್ತದೆ. ಯಾವ ಲೇಪವೂ ವಸ್ತುವಿನ ಸ್ವಭಾವಕ್ಕೂ ಅದರ ಗತಿಗೂ ವಿರೋಧವಾಗಿರಬಾರದು.

೬

ಇಲ್ಲಿಯವರೆಗಿನ ವಿಚಾರದಿಂದ ಆಚರಣೆಗೆ ದೊರೆಯುವ ಫಲವೇನು? ಧರ್ಮಚಿಂತನೆ ಕೈಕೆಲಸಕ್ಕೆ ಇಳಿದು ಬಾರದಿದ್ದರೆ ಅದು ಬರಿಯ ಮಾತಾಗಿ ಉಳಿಯುತ್ತದೆ. ಮೊದಲನೆಯದಾಗಿ ಮನೆಯ ಗೊಂಬೆಗಳೆಲ್ಲ ಒಂದೇ ಜಾತಿಯವಲ್ಲ. ಸಂತೆಯಲ್ಲಿ ಕೊಂಡದ್ದು, ಯಾರ ನೆನಪನ್ನೂ ಹೊರದಿರುವುದು, ಮುರಿದು ಮೂಲೆಗೆ ಬಿದ್ದಿರುವುದು, ಇವುಗಳ ಮೇಲೆ ಮಕ್ಕಳು ಧಾರಾಳವಾಗಿ ಕೈಚಳಕವನ್ನು ತೋರಿಸಬಹುದು. ಸೋಡವನ್ನೋ ಮರಳನ್ನೋ ಬೆರೆಸಿದ ಬಣ್ಣಕ್ಕೆ ತಕ್ಕ ಸ್ಥಳ ಅದೇ. ಕಿನ್ನಾಳ ಚನ್ನಪಟ್ಟಣಗಳ ಕೆಲಸ ಕೆಟ್ಟಿದ್ದರೆ ಆ ಕಸುಬನ್ನು ಬಲ್ಲವರ ಕೈಗೆ ಕೊಡುವುದು ಉತ್ತಮ. ಗೊಂಬೆಗೆ ಅದರ ಜಾತಿಯದೇ ಲೇಪ ದೊರೆಯುತ್ತದೆ. ಒಂದು ವಿದ್ಯೆಗೆ ಅನ್ನವೂ ದೊರೆಯುತ್ತದೆ. ಮನೆಯಲ್ಲಿ ಅಗ್ಗವಾಗಿ ಆಗುತ್ತದೆಂಬ ಕಾರಣದಿಂದ ಕಸುಬಿನವನನ್ನು ಮರೆತರೆ, ಗೊಂಬೆ ಉಳಿದರೂ ಗೊಂಬೆ ಮಾಡುವವನು ಉಳಿಯುವುದಿಲ್ಲ.

ಎರಡನೆಯದು ಪದಾರ್ಥದ ಜ್ಞಾನ. ಅರಗಿನ ಮೈಗೆ ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ. ಸುಡದ ಮಣ್ಣಿನ ಗೊಂಬೆಯೂ ಕಾಗದದ ಮುದ್ದೆಯ ಗೊಂಬೆಯೂ ನೀರಿನ ಬಣ್ಣದಿಂದ ಮೆತ್ತಗಾಗುವುವು. ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುವುದರಿಂದ ದಪ್ಪವಾದ ಬಿರುಸು ಲೇಪ ಅದರ ಮೇಲೆ ಬಿರಿಯುತ್ತದೆ. ನುಣುಪಾದ ಎಣ್ಣೆಬಣ್ಣದ ಮೇಲೆ ನೀರಿನ ಬಣ್ಣ ಹಿಡಿಯುವುದಿಲ್ಲವೆಂದು ಉಪ್ಪುಕಾಗದದಿಂದ ತಿಕ್ಕುವುದುಂಟು, ಇಲ್ಲಿ ಅಪಾಯವಿದೆ. ಹಳೆಯ ಬಣ್ಣಗಳಲ್ಲಿ ಸೀಸವಿರಬಹುದು, ಸಫೇದವೆಂಬುದೇ ಸೀಸದ ಬಿಳುಪಾಗಿತ್ತು. ಹಳದಿಯ ಹರಿತಾಳದಲ್ಲಿ ಪಾಷಾಣವೂ ಕೆಂಪಿನ ಇಂಗಳೀಕದಲ್ಲಿ ಪಾದರಸವೂ ಇವೆ. ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ ತೊಂಬತ್ತು ಭಾಗವನ್ನು ಮೀರಬಾರದೆಂದು ಭಾರತ ಸರ್ಕಾರವು ೨೦೧೬ರಲ್ಲಿ ಮಾಡಿದ ನಿಯಮ ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಬಣ್ಣಕ್ಕೆ ಆ ರಕ್ಷಣೆಯಿಲ್ಲ. ತಿಕ್ಕಿದ ಧೂಳು ಉಸಿರಿನೊಡನೆಯೂ ಬೆರಳಿನೊಡನೆಯೂ ಮಕ್ಕಳ ದೇಹವನ್ನು ಸೇರಿ ಬುದ್ಧಿಬೆಳವಣಿಗೆಗೆ ಕೇಡು ಮಾಡುತ್ತದೆ. ಹಳೆಯ ಬಣ್ಣವನ್ನು ಕೆರೆಯದಿರುವುದು ಅಜ್ಜಿಯ ನೆನಪಿಗಾಗಿ ಹೇಗೋ ಹಾಗೆ ಮೊಮ್ಮಗುವಿನ ಆರೋಗ್ಯಕ್ಕಾಗಿಯೂ ಯುಕ್ತವಾಗಿದೆ.

ಮೂರನೆಯದು ಗುರುತನ್ನು ಉಳಿಸುವುದು. ರೋಮ್ ನಗರದಲ್ಲಿ ೧೯೩೯ರಲ್ಲಿ ಸ್ಥಾಪಿತವಾದ ಜೀರ್ಣೋದ್ಧಾರ ಸಂಸ್ಥೆಯ ಮೊದಲ ನಿರ್ದೇಶಕನಾದ ಚೆಸಾರೆ ಬ್ರಾಂದಿ ಎಂಬ ವಿದ್ವಾಂಸನ ಮಾರ್ಗದಲ್ಲಿ, ಹಳೆಯ ಚಿತ್ರದ ನಷ್ಟವಾದ ಭಾಗವನ್ನು ಸಣ್ಣ ಸಣ್ಣ ಗೀಟುಗಳಿಂದ ತುಂಬುವ ಪದ್ಧತಿ ಬೆಳೆಯಿತು. ದೂರದಿಂದ ನೋಡಿದವನಿಗೆ ಚಿತ್ರ ಅಖಂಡವಾಗಿ ಕಾಣುತ್ತದೆ. ಹತ್ತಿರ ಬಂದವನಿಗೆ ಯಾವುದು ಹಳೆಯದು, ಯಾವುದು ತುಂಬಿದ್ದು ಎಂಬುದು ಸ್ಪಷ್ಟವಾಗುತ್ತದೆ. ಮನೆಯ ಗೊಂಬೆಗೆ ಇಷ್ಟು ನಾಜೂಕು ಬೇಕಾಗಿಲ್ಲ. ಪೀಠದ ಅಡಿಯಲ್ಲಿ ಒಂದು ಅಂಗೈಯಗಲ ಜಾಗವನ್ನು ಬಳಿಯದೆ ಬಿಟ್ಟು, ಯಾವ ವರ್ಷ ಯಾರು ಏನನ್ನು ತಿದ್ದಿದರೆಂದು ಅಲ್ಲಿ ಬರೆದಿಟ್ಟರೆ ಸಾಕು.

ಕಡೆಯದಾಗಿ, ಬೇರೆ ಯಾವ ದೇಶದ ಸಿದ್ಧಾಂತವೂ ಕಲಿಸಬೇಕಾಗಿಲ್ಲದ ಒಂದು ದಾರಿಯನ್ನು ಗೊಂಬೆ ಕೂರಿಸುವ ಮನೆಗಳೇ ತಲೆಮಾರುಗಳಿಂದ ತೋರಿಸಿಕೊಂಡು ಬಂದಿವೆ. ಪಟ್ಟದ ಗೊಂಬೆಗಳನ್ನು ನವರಾತ್ರಿಯಲ್ಲಿ ಸಿಂಗರಿಸದ ಮನೆಯಿಲ್ಲ. ಹೊಸ ಸೀರೆ, ಹೊಸ ಪೇಟ, ಮುತ್ತಿನ ಸರ, ಜರಿಯ ಅಂಚು, ಪ್ರತಿವರ್ಷವೂ ಹೊಸದು. ಹಬ್ಬ ಮುಗಿದ ಮೇಲೆ ಬಟ್ಟೆಯನ್ನು ಬಿಚ್ಚಿದರೆ ಒಳಗಿನ ರಕ್ತಚಂದನ ಹಾಗೆಯೇ ಇರುತ್ತದೆ. ಗೀತೆಯ ವಸ್ತ್ರದ ಉಪಮಾನವನ್ನು ಪೂರ್ವಪಕ್ಷದವರು ತಮ್ಮ ಸಹಾಯಕ್ಕೆ ಕರೆದರು. ವಸ್ತ್ರವೆಂದರೆ ತೆಗೆದಿಡಲು ಬರುವಂಥದು. ತೆಗೆಯಲು ಬಾರದ ಲೇಪವು ಚರ್ಮವಾಗುತ್ತದೆ. ಸಿಂಗಾರ ಎಷ್ಟು ಹೊಸದಾದರೂ ಆಗಲಿ, ಒಳಗಿನದನ್ನು ಅದು ತನ್ನೊಡನೆ ಕೊಂಡೊಯ್ಯದಿದ್ದರೆ ಹಿರಿಯರಿಗೂ ಕಿರಿಯರಿಗೂ ವಿರೋಧವೇ ಇರುವುದಿಲ್ಲ.

ಗೊಂಬೆಯ ಪೆಟ್ಟಿಗೆ ಯಾವ ಒಂದು ತಲೆಮಾರಿನ ಸ್ವತ್ತೂ ಅಲ್ಲ. ಈಗ ಅದನ್ನು ಬಿಚ್ಚುವ ಕೈ ಹಿಂದಿನವರಿಂದ ಪಡೆದದ್ದನ್ನು ಮುಂದಿನವರಿಗೆ ಕೊಡುವ ನಡುವಿನ ಕೈ. ಸವೆದದ್ದನ್ನು ಸವೆದಂತೆಯೇ ಇಡಬೇಕೆಂದು ಮುಂದಿನವರಿಗೆ ತೋರಬಹುದು. ಬಣ್ಣ ಬಳಿಯಬೇಕೆಂದೂ ತೋರಬಹುದು. ಆ ನಿರ್ಣಯವನ್ನು ಮಾಡುವ ಸ್ವಾತಂತ್ರ್ಯ ಅವರಿಗೂ ಉಳಿದಿರಬೇಕಾದರೆ, ಇಂದು ಮಾಡುವ ಕೆಲಸ ನಾಳೆ ತೆಗೆಯಲು ಬರುವಂಥದಾಗಿರಬೇಕು. ಹೊಸದುಮಾಡುವವರ ಉತ್ಸಾಹಕ್ಕೆ ಈ ಒಂದು ಮಿತಿಯನ್ನು ಹಾಕಿಕೊಂಡರೆ ಅವರ ಪ್ರೀತಿಗೂ ಹಿರಿಯರ ಪ್ರೀತಿಗೂ ಒಂದೇ ಮನೆಯೊಳಗೆ ಎಡೆ ದೊರೆಯುತ್ತದೆ.